ಮಿಲ್ಲಿನ ಗೇಟಿನಿಂದ ವಿಧಾನಸೌಧಕ್ಕೆ: ಖರ್ಗೆ ನಡೆದ ದಾರಿ ಈಗ ಯಾಕೆ ಮುಚ್ಚುತ್ತಿದೆ?

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾನೂನುಗಳು ಅವುಗಳೊಳಗೆ ಕರಗಿಹೋದವು. ಡಿಸೆಂಬರ್ ಮೊದಲ ವಾರ ಸಂಸತ್ತಿನ ಮಕರ ದ್ವಾರದ ಎದುರು ವಿರೋಧ ಪಕ್ಷಗಳ ಸಂಸದರು ಇದರ ವಿರುದ್ಧ ಪ್ರತಿಭಟನೆಗೆ ನಿಂತಾಗ ಮುಂಚೂಣಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಇದ್ದರು. ಅವರು ಕಾಂಗ್ರೆಸ್ ಅಧ್ಯಕ್ಷರು, ಹಿಂದೆ ಕೇಂದ್ರ ಕಾರ್ಮಿಕ ಸಚಿವರಾಗಿದ್ದವರು, ಅದಕ್ಕೂ ಹಿಂದೆ ಗುಲ್ಬರ್ಗದ ಬಟ್ಟೆ ಮಿಲ್ಲಿನ ಕಾರ್ಮಿಕ ಸಂಘದ ವಕೀಲರು.

ಆ ಚಿತ್ರ ನೋಡಿದವರಿಗೆ ಎರಡು ಗೊಂದಲ ಬಂದಿರಬಹುದು. ಸಂಹಿತೆಯನ್ನು ವಿರೋಧಿಸುವ ಪಕ್ಷದ ಸರ್ಕಾರ ಕರ್ನಾಟಕದಲ್ಲಿದ್ದ ಮೇಲೆ ಇಲ್ಲಿ ಅದನ್ನು ತಡೆಯಲು ಆಗುವುದಿಲ್ಲವೇ? ಎರಡನೆಯದು, ಕಾರ್ಮಿಕರ ನಡುವಿನಿಂದ ಬಂದವರು ಒಂದು ಕಾಲದಲ್ಲಿ ಶಾಸಕರಾಗುತ್ತಿದ್ದರು, ಮಂತ್ರಿಗಳೂ ಆಗುತ್ತಿದ್ದರು. ಈಗಿನ ವಿಧಾನಸಭೆಯಲ್ಲಿ ಅಂಥವರು ಯಾಕೆ ಕಾಣುತ್ತಿಲ್ಲ? ಎರಡೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ. ಹಳೆಯ ಕಾರ್ಮಿಕ ಕಾನೂನು ಪ್ರತಿ ವಿವಾದದ ನಡುವೆ ಸರ್ಕಾರವನ್ನು ಕೂರಿಸಿತ್ತು. ಹಾಗಾಗಿ ಕಾರ್ಮಿಕ ನಾಯಕನ ದಾರಿ ತಾನಾಗಿಯೇ ವಿಧಾನಸೌಧದ ಕಡೆಗೆ ಹೋಗುತ್ತಿತ್ತು. ಖರ್ಗೆಯವರ ಬದುಕನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ವರವಟ್ಟಿಯಿಂದ ಎಂಎಸ್‌ಕೆ ಮಿಲ್‌ವರೆಗೆ

ಖರ್ಗೆ ಹುಟ್ಟಿದ್ದು 1942ರ ಜುಲೈ 21ರಂದು, ಇಂದಿನ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಅದು ನಿಜಾಮರ ಸೀಮೆ. ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡ ಹುಡುಗ ತಂದೆ ಮಾಪಣ್ಣನವರ ಜೊತೆ ಗುಲ್ಬರ್ಗ ಸೇರಿದ. ನೂತನ ವಿದ್ಯಾಲಯದಲ್ಲಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಬಿಎ, ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಕಾನೂನು ಪದವಿ ಆಯಿತು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಶಿವರಾಜ ಪಾಟೀಲರ ಕಚೇರಿಯಲ್ಲಿ ಜೂನಿಯರ್ ಆಗಿದ್ದುಕೊಂಡು ಕಾರ್ಮಿಕ ಸಂಘಗಳ ಕೇಸು ಹಿಡಿದರು.

1969 ಅವರ ಬದುಕಿನ ತಿರುವು. ಮೆಹಬೂಬ್ ಶಾಹಿ ಕಲಬುರ್ಗಿ ಮಿಲ್, ಅಂದರೆ ಊರಿನ ಬಾಯಲ್ಲಿ ಎಂಎಸ್‌ಕೆ ಮಿಲ್‌ನ ನೌಕರರ ಸಂಘಕ್ಕೆ ಅವರು ಕಾನೂನು ಸಲಹೆಗಾರರಾದರು. ಸಂಯುಕ್ತ ಮಜ್ದೂರ್ ಸಂಘದ ಮುಖಂಡರೂ ಆದರು. ಅದೇ ವರ್ಷ ಕಾಂಗ್ರೆಸ್ ಸೇರಿ ಗುಲ್ಬರ್ಗ ನಗರ ಕಾಂಗ್ರೆಸ್ ಅಧ್ಯಕ್ಷರಾದರು. ಮೂರೇ ವರ್ಷಕ್ಕೆ, 1972ರಲ್ಲಿ, ಗುರಮಿಟ್ಕಲ್‌ನಿಂದ ಶಾಸಕರಾದರು.

ಮಿಲ್ಲಿನ ಮಗ್ಗದ ಮುಂದೆ ನಿಂತು ದುಡಿಯದ ಒಬ್ಬ ವಕೀಲ ಸಂಘದ ಮುಖಂಡನಾದದ್ದು ಹೇಗೆ ಎಂದು ಕೇಳಬಹುದು. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಪ್ರಕಾರ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಆ ಉದ್ಯಮದಲ್ಲಿ ದುಡಿಯುವವರಾಗಿದ್ದರೆ ಸಾಕಿತ್ತು. ಉಳಿದರ್ಧ ಹೊರಗಿನವರಿರಬಹುದಿತ್ತು. ಅದಕ್ಕೆ ಕಾರಣವೂ ಇತ್ತು. ಒಳಗಿನವನು ತಲೆ ಎತ್ತಿದರೆ ಮರುದಿನ ಗೇಟಿನಲ್ಲೇ ತಡೆಯಬಹುದು. ಹೊರಗಿನ ವಕೀಲನನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲ. ವಿ.ವಿ. ಗಿರಿಯವರಿಂದ ಜಾರ್ಜ್ ಫರ್ನಾಂಡಿಸ್‌ವರೆಗೆ ಎಷ್ಟೋ ನಾಯಕರು ಈ ಬಾಗಿಲಿನಿಂದಲೇ ಒಳಬಂದವರು.

ಫೈಲು ಬೆಂಗಳೂರಿಗೆ ಹೋಗಲೇಬೇಕಿತ್ತು

ಆಗಿನ ಒಂದು ವಿವಾದ ಹೇಗೆ ಸಾಗುತ್ತಿತ್ತು ಎಂದು ಹಂತಹಂತವಾಗಿ ನೋಡೋಣ. ಸಂಘ ಮೊದಲು ಬೇಡಿಕೆ ಪಟ್ಟಿ ಕೊಡುತ್ತಿತ್ತು. ಆಡಳಿತ ಮಂಡಳಿ ಒಪ್ಪದಿದ್ದರೆ ವಿಷಯ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುತ್ತಿತ್ತು. ಅಲ್ಲಿ ಎರಡೂ ಕಡೆಯವರು ಕೂತು ಮಾತಾಡಿ, ಮುರಿದುಬಿದ್ದರೆ ಅಧಿಕಾರಿ ಸರ್ಕಾರಕ್ಕೆ ವಿಫಲ ವರದಿ ಕಳಿಸುತ್ತಿದ್ದರು.

ಕಗ್ಗಂಟು ಶುರುವಾಗುತ್ತಿದ್ದುದು ಅಲ್ಲಿಂದ. 1947ರ ಕೈಗಾರಿಕಾ ವಿವಾದ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸರ್ಕಾರ ಒಪ್ಪಿಸಿದರೆ ಮಾತ್ರ ವಿವಾದ ಕಾರ್ಮಿಕ ನ್ಯಾಯಾಲಯಕ್ಕೋ ನ್ಯಾಯಮಂಡಳಿಗೋ ಹೋಗುತ್ತಿತ್ತು. ಒಪ್ಪಿಸದಿದ್ದರೆ ಕಾರಣ ತಿಳಿಸಬೇಕಿತ್ತು, ಅಷ್ಟೇ. ಆ ಕಾರಣ ಸರಿಯಿಲ್ಲ ಎನ್ನಲು ಹೈಕೋರ್ಟ್‌ಗೆ ರಿಟ್ ಹಾಕಬೇಕು. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ. ಅದಕ್ಕೆ ಮುಂಚೆ ಗುಲ್ಬರ್ಗದ ಕಾರ್ಮಿಕನಿಗೆ ಹೈಕೋರ್ಟ್ ಎಂದರೆ ಆರುನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರು.

ಹೀಗಿರುವಾಗ ಸಂಘಕ್ಕೆ ಯಾರು ಬೇಕು? ಕಾನೂನು ಓದಬಲ್ಲ, ಸಂಧಾನದ ಮೇಜಿನಲ್ಲಿ ಮಾತಾಡಬಲ್ಲ ಮನುಷ್ಯ ಬೇಕು. ಜೊತೆಗೆ ಬೆಂಗಳೂರಿನ ಸಚಿವಾಲಯದಲ್ಲಿ ಫೈಲು ಯಾವ ಮೇಜಿನಲ್ಲಿ ಕೂತಿದೆ ಎಂದು ಕೇಳಬಲ್ಲವನೂ ಅವನೇ ಆಗಿದ್ದರೆ ಇನ್ನೂ ಒಳ್ಳೆಯದು. ಆಡಳಿತ ಪಕ್ಷದ ಶಾಸಕನಾದರಂತೂ ಕೇಳುವುದೇ ಬೇಡ. ಕಾರ್ಮಿಕ ನಾಯಕತ್ವ ರಾಜಕೀಯಕ್ಕೆ ಮೆಟ್ಟಿಲಾದದ್ದಕ್ಕೆ ಸಿದ್ಧಾಂತದಷ್ಟೇ ಈ 10ನೇ ಸೆಕ್ಷನ್ನೂ ಕಾರಣ. ಇದನ್ನು ಬಿಟ್ಟು ಬರೆದ ಯಾವ ಕಾರ್ಮಿಕ ನಾಯಕನ ಜೀವನ ಚರಿತ್ರೆಯೂ ಅರ್ಧ ಕಥೆ ಮಾತ್ರ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಂಘ ಒಂದು ಕಡೆ, ಓಟು ಇನ್ನೊಂದು ಕಡೆ

ಖರ್ಗೆಯವರ ವಿಷಯದಲ್ಲಿ ಜನ ಮರೆಯುವ ಸಂಗತಿ ಇನ್ನೊಂದಿದೆ. ಮಿಲ್ ಇದ್ದದ್ದು ಗುಲ್ಬರ್ಗ ನಗರದಲ್ಲಿ. ಅವರು ಗೆದ್ದ ಗುರಮಿಟ್ಕಲ್ ಒಣಭೂಮಿಯ ಹಳ್ಳಿಗಳ ಮೀಸಲು ಕ್ಷೇತ್ರ. ಅಲ್ಲಿ ಮಿಲ್ ಕಾರ್ಮಿಕರ ಓಟು ಎಣಿಸಿ ಗೆಲ್ಲುವಂತಿರಲಿಲ್ಲ. ಓಟು ಕೊಡಬೇಕಾದವರು ಗೇಣಿದಾರರು, ಕೂಲಿಯವರು, ದಲಿತರು. ಸಂಘ ಅವರಿಗೆ ಕಸುಬು ಕಲಿಸಿತು, ಹೆಸರು ಕೊಟ್ಟಿತು. ಕ್ಷೇತ್ರ ಕೊಟ್ಟದ್ದು ಹೊಲಗದ್ದೆಯ ಪ್ರಶ್ನೆಗಳು.

ವಿಧಾನಸಭೆಯಲ್ಲಿ ಅವರು ಹಿಡಿದ ಕೆಲಸಗಳಲ್ಲೂ ಇದು ಕಾಣುತ್ತದೆ. 1973ರಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕದ ರದ್ದತಿ ಸಮಿತಿಯ ಅಧ್ಯಕ್ಷರಾದರು. 1974ರಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ, ಅಂದರೆ ಲಿಡ್ಕರ್‌ನ ಅಧ್ಯಕ್ಷರಾಗಿದ್ದಾಗ ಚಮ್ಮಾರರಿಗೆ ಕೆಲಸದ ಜಾಗವೂ ಆಗುವ, ವಾಸಕ್ಕೂ ಒದಗುವ ಶೆಡ್ಡುಗಳನ್ನು ಕಟ್ಟಿಸುವ ಯೋಜನೆ ನಡೆಯಿತು. 1976ರಲ್ಲಿ ಪ್ರಾಥಮಿಕ ಶಿಕ್ಷಣ ರಾಜ್ಯ ಸಚಿವರಾಗಿ ಪರಿಶಿಷ್ಟ ಜಾತಿ, ಪಂಗಡಗಳ 16,000ಕ್ಕೂ ಹೆಚ್ಚು ಬ್ಯಾಕ್‌ಲಾಗ್ ಶಿಕ್ಷಕ ಹುದ್ದೆಗಳ ಭರ್ತಿಗೆ ಕೈಹಾಕಿದರು.

1980ರಲ್ಲಿ ಗುಂಡೂರಾವ್ ಸಂಪುಟದಲ್ಲಿ ಕಂದಾಯ ಸಚಿವರಾದಾಗ ಅವರಿಗೆ ಸಿಕ್ಕಿದ್ದು ದೇವರಾಜ ಅರಸರ ಭೂಸುಧಾರಣೆಯ ಬಾಕಿ ಕೆಲಸ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ಭೂ ನ್ಯಾಯಮಂಡಳಿ ಅದನ್ನು ತೀರ್ಮಾನಿಸಬೇಕು. ಮಂಡಳಿಯಲ್ಲಿ ಅಧಿಕಾರಿಯ ಜೊತೆ ನಾಲ್ವರು ಅಧಿಕಾರೇತರರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಅರ್ಜಿಗಳ ರಾಶಿ ಕರಗಲಿ ಎಂದು ಅವರ ಕಾಲದಲ್ಲಿ 400ಕ್ಕೂ ಹೆಚ್ಚು ನ್ಯಾಯಮಂಡಳಿಗಳು ಕೆಲಸ ಮಾಡಿದವು. ಸಂಧಾನದ ಮೇಜಿನಲ್ಲಿ ಕೂತು ಬಂದವರಿಗೆ ಈ ಮಂಡಳಿಗಳ ಲೆಕ್ಕಾಚಾರ ಹೊಸದಾಗಿರಲಾರದು: ತೀರ್ಪು ತಡವಾದಷ್ಟೂ ಲಾಭ ಬಲಶಾಲಿಗೆ.

ಗುರಮಿಟ್ಕಲ್ ಅವರನ್ನು ಎಂಟು ಸಲ ಗೆಲ್ಲಿಸಿತು. ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಸಾಮಾನ್ಯ ಕ್ಷೇತ್ರವಾದ್ದರಿಂದ 2008ರಲ್ಲಿ ಚಿತ್ತಾಪುರಕ್ಕೆ ಬಂದು ಒಂಬತ್ತನೇ ಸಲ ಗೆದ್ದರು. ವಾಡಿಯ ಸಿಮೆಂಟ್ ಕಾರ್ಖಾನೆ ಇರುವುದು ಈ ಕ್ಷೇತ್ರದಲ್ಲೇ. ಕಾರ್ಮಿಕ ವಕೀಲರಾಗಿ ಶುರುಮಾಡಿದವರು ಕೈಗಾರಿಕಾ ಕಾರ್ಮಿಕರಿರುವ ಕ್ಷೇತ್ರದ ಶಾಸಕರಾಗಲು, ಮೊದಲ ಸಲ ವಿಧಾನಸಭೆಗೆ ಬಂದ ಮೇಲೆ 36 ವರ್ಷ ಬೇಕಾಯಿತು. ಗೃಹ, ಸಾರಿಗೆ, ಜಲಸಂಪನ್ಮೂಲ, ಕೈಗಾರಿಕೆ ಖಾತೆಗಳನ್ನೂ ಎರಡು ಸಲ ವಿರೋಧ ಪಕ್ಷದ ನಾಯಕ ಸ್ಥಾನವನ್ನೂ ಅವರು ನಿಭಾಯಿಸಿದ್ದಾರೆ. ಮುಖ್ಯಮಂತ್ರಿ ಹುದ್ದೆಯೊಂದು ಕೈಗೆ ಬರಲಿಲ್ಲ.

ದೆಹಲಿಯಲ್ಲಿ ಬಿಚ್ಚಿದ ಗಂಟು

2009ರ ಮೇ ತಿಂಗಳಿಂದ 2013ರ ಜೂನ್‌ವರೆಗೆ ಅವರು ಕೇಂದ್ರ ಕಾರ್ಮಿಕ ಸಚಿವರು. ಈ ಅವಧಿಯ ಬಗ್ಗೆ ಮಾತಾಡುವವರು ಕಲಬುರಗಿಯ ಇಎಸ್‌ಐ (ನೌಕರರ ರಾಜ್ಯ ವಿಮೆ) ವೈದ್ಯಕೀಯ ಕಾಲೇಜನ್ನು ನೆನೆಯುತ್ತಾರೆ. 2010ರಲ್ಲಿ ಗ್ರಾಚ್ಯುಟಿ ಮಿತಿ 3.5 ಲಕ್ಷದಿಂದ 10 ಲಕ್ಷಕ್ಕೆ, ಇಎಸ್‌ಐ ವೇತನ ಮಿತಿ 10,000ದಿಂದ 15,000 ರೂಪಾಯಿಗೆ ಏರಿದ್ದೂ ಆಗಲೇ. ಆದರೆ ಇವೆಲ್ಲಕ್ಕಿಂತ ತೂಕದ್ದು ಅದೇ ವರ್ಷದ ಕೈಗಾರಿಕಾ ವಿವಾದ ತಿದ್ದುಪಡಿ ಎಂದು ಅನ್ನಿಸುತ್ತದೆ.

ಆ ತಿದ್ದುಪಡಿಯ ನಂತರ ಕೆಲಸದಿಂದ ವಜಾಗೊಂಡ ಒಬ್ಬ ಕಾರ್ಮಿಕ ಸರ್ಕಾರದ ಒಪ್ಪಿಗೆಗೆ ಕಾಯಬೇಕಿಲ್ಲ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ವಜಾ ಆದ ದಿನದಿಂದ ಮೂರು ವರ್ಷ ಕಾಲಾವಕಾಶವಿತ್ತು. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಸಮಿತಿ ಕಡ್ಡಾಯವಾಯಿತು. ಮೇಲ್ವಿಚಾರಕರನ್ನು ಕಾರ್ಮಿಕರೆಂದು ಪರಿಗಣಿಸುವ ವೇತನ ಮಿತಿ 1,600 ರೂಪಾಯಿಯಿಂದ 10,000ಕ್ಕೆ ಏರಿತು.

ಕರ್ನಾಟಕ ಈ ಬಾಗಿಲನ್ನು ಅದಕ್ಕೂ 22 ವರ್ಷ ಮೊದಲೇ ತೆರೆದಿತ್ತು ಎಂಬುದು ಕನ್ನಡಿಗರಿಗೇ ಅಷ್ಟು ಗೊತ್ತಿಲ್ಲ. 1988ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, 10(4-ಎ) ಉಪಸೆಕ್ಷನ್, ವಜಾ ಆದೇಶ ಕೈಸೇರಿದ ಆರು ತಿಂಗಳೊಳಗೆ ಕಾರ್ಮಿಕ ತಾನೇ ನ್ಯಾಯಾಲಯಕ್ಕೆ ಹೋಗಬಹುದು ಎಂದಿತು. ಒಂದು ರಾಜ್ಯದ ಶಾಸನಸಭೆ ಮನಸ್ಸು ಮಾಡಿದರೆ ಕಾರ್ಮಿಕ ಕಾನೂನಿನಲ್ಲಿ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೊಸ ಸಂಹಿತೆ ಬದಲಿಸಿದ್ದು, ಬದಲಿಸದೆ ಬಿಟ್ಟದ್ದು

ಕೈಗಾರಿಕಾ ಸಂಬಂಧಗಳ ಸಂಹಿತೆ 2020ರಲ್ಲೇ ಸಂಸತ್ತಿನ ಒಪ್ಪಿಗೆ ಪಡೆದಿತ್ತು. ಜಾರಿಗೆ ಬರಲು ಐದು ವರ್ಷ ಹಿಡಿಯಿತು. ಅದು ಮಾಡಿರುವ ದೊಡ್ಡ ಬದಲಾವಣೆಯೆಂದರೆ ಸರ್ಕಾರವನ್ನು ನಡುವಿನಿಂದ ಎಬ್ಬಿಸಿದ್ದು. ಸಂಧಾನ ವಿಫಲವಾದರೆ ಯಾವ ಕಡೆಯವರಾದರೂ 90 ದಿನದೊಳಗೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಬೆಂಗಳೂರಿನ ಮೇಜಿನಲ್ಲಿ ಫೈಲು ಕೊಳೆಯುವ ಕಾಲ ಮುಗಿಯಿತು. ಇದು ಕಾರ್ಮಿಕನಿಗೆ ನಿಜವಾದ ಲಾಭ, ಸಂಹಿತೆಯನ್ನು ವಿರೋಧಿಸುವವರೂ ಇದನ್ನು ಒಪ್ಪಿಕೊಳ್ಳಬೇಕು.

ಸರ್ಕಾರ ಎದ್ದುಹೋದ ಇನ್ನೊಂದು ಜಾಗದಲ್ಲಿ ಮಾತ್ರ ಕಾರ್ಮಿಕನಿಗೆ ನಷ್ಟವಾಗಿದೆ. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಲೇಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ಉದ್ಯೋಗ ಕಡಿತ, ಮುಚ್ಚುಗಡೆ ಮಾಡಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಮಿತಿ 300. ಅಂದರೆ 250 ಜನರಿರುವ ಕಾರ್ಖಾನೆ ಬಾಗಿಲು ಹಾಕುವಾಗ ನೋಟಿಸು, ಪರಿಹಾರ ಕೊಡಬೇಕು; ಅನುಮತಿ ಕೇಳಬೇಕಿಲ್ಲ. ಮುಚ್ಚಬೇಡಿ ಎಂದು ಶಾಸಕನ ಬಳಿ ಓಡಿದರೆ, ತಡೆಯುವ ಅಧಿಕಾರ ಸರ್ಕಾರದ ಕೈಯಲ್ಲೇ ಇಲ್ಲ.

ಮುಷ್ಕರಕ್ಕೆ ಈಗ ಎಲ್ಲ ಕೈಗಾರಿಕೆಗಳಲ್ಲೂ 14 ದಿನದ ನೋಟಿಸು ಕಡ್ಡಾಯ. ಸಂಧಾನ ನಡೆಯುತ್ತಿರುವಾಗ ಮುಷ್ಕರ ಮಾಡುವಂತಿಲ್ಲ. ನೋಟಿಸು ಕೊಟ್ಟ ಕೂಡಲೇ ಸಂಧಾನ ಶುರುವಾದರೆ ಕಾನೂನುಬದ್ಧ ಮುಷ್ಕರಕ್ಕೆ ದಿನವೇ ಸಿಗದಿರಬಹುದು. ಅರ್ಧಕ್ಕರ್ಧ ಕಾರ್ಮಿಕರು ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ವಜಾಗೊಂಡವನಿಗೆ ನೇರ ದಾರಿ ಉಳಿದಿದೆ, 45 ದಿನದ ಕಾಯುವಿಕೆಯೂ ಹಾಗೆಯೇ ಇದೆ, ಆದರೆ ಮೂರು ವರ್ಷದ ಗಡುವು ಎರಡಕ್ಕೆ ಇಳಿದಿದೆ. ಹಳೆಯ ಲೆಕ್ಕದಲ್ಲಿ ಕೂತವನು ಮೂರನೇ ವರ್ಷ ಎದ್ದುಬಂದರೆ ಬಾಗಿಲು ಮುಚ್ಚಿರುತ್ತದೆ. ಸಂಘಗಳು ಗೇಟ್ ಮೀಟಿಂಗ್‌ಗಳಲ್ಲಿ ಮೊದಲು ಹೇಳಬೇಕಾದದ್ದು ಇದನ್ನೇ.

ಸಂಹಿತೆಯ ಮೇಲೆ ಹೊರಿಸುವ ಒಂದು ಆರೋಪ ತಪ್ಪು. ಹೊರಗಿನ ನಾಯಕರಿಗೆ ಕಡಿವಾಣ ಹಾಕಿದ್ದು ಇದಲ್ಲ. 2001ರ ತಿದ್ದುಪಡಿಯೇ ಸಂಘಟಿತ ವಲಯದ ಸಂಘಗಳಲ್ಲಿ ಹೊರಗಿನ ಪದಾಧಿಕಾರಿಗಳನ್ನು ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಿಸಿತ್ತು. ಮಂತ್ರಿಯಾದವರು ಸಂಘದ ಪದಾಧಿಕಾರಿಯಾಗಿರುವಂತಿಲ್ಲ ಎಂದದ್ದೂ ಅದೇ. ಸಂಹಿತೆ ಎರಡನ್ನೂ ಹಾಗೆಯೇ ಉಳಿಸಿಕೊಂಡಿದೆ. ಹೊಸದಾಗಿ ಸೇರಿಸಿದ್ದು ಸಂಧಾನ ಸಂಘದ ನಿಯಮ: ಶೇ 51ರಷ್ಟು ಸದಸ್ಯರಿರುವ ಸಂಘ ಮಾತ್ರ ಕಾರ್ಮಿಕರ ಪರವಾಗಿ ಮಾತಾಡುವ ಏಕೈಕ ಸಂಘ. ಯಾವುದಕ್ಕೂ ಅಷ್ಟಿಲ್ಲದಿದ್ದರೆ ಶೇ 20ರಷ್ಟು ಸದಸ್ಯರಿರುವ ಸಂಘಗಳ ಮಂಡಳಿ. ಸಣ್ಣ ಸಂಘ ಕಟ್ಟಿ ಹೆಸರು ಮಾಡುವ ಯುವ ವಕೀಲನಿಗೆ ಮೇಜಿನಲ್ಲಿ ಕುರ್ಚಿಯೇ ಸಿಗದಿರಬಹುದು.

ಯಾರು ಏನನ್ನುತ್ತಾರೆ

ಕೇಂದ್ರ ಸರ್ಕಾರ ಮತ್ತು ಉದ್ಯಮಿಗಳ ವಾದ: 100ರ ಮಿತಿಯ ಹೆದರಿಕೆಗೆ ಕಾರ್ಖಾನೆಗಳು ಬೆಳೆಯದೆ ಚಿಕ್ಕದಾಗಿಯೇ ಉಳಿದವು, ಇಲ್ಲವೇ ಕಾಯಂ ಬದಲು ಗುತ್ತಿಗೆಯವರನ್ನು ತುಂಬಿಕೊಂಡವು. ಕೇಂದ್ರ ಕಾರ್ಮಿಕ ಸಂಘಟನೆಗಳಲ್ಲಿ ಇಂಟಕ್, ಎಐಟಿಯುಸಿ, ಎಚ್‌ಎಂಎಸ್, ಸಿಐಟಿಯು ಸೇರಿದ ಹತ್ತು ಸಂಘಟನೆಗಳ ವೇದಿಕೆ ಇದನ್ನು ಒಪ್ಪುವುದಿಲ್ಲ. ನವೆಂಬರ್ 26ರಂದು ಅವು ದೇಶದಾದ್ಯಂತ ಪ್ರತಿಭಟಿಸಿದವು. ಭಾರತೀಯ ಮಜ್ದೂರ್ ಸಂಘ ಸಂಹಿತೆಗಳನ್ನು ಸ್ವಾಗತಿಸಿತು. ಗುತ್ತಿಗೆ ಕಾರ್ಮಿಕರು ಹೆಚ್ಚಿದ್ದಾರೆ ಎಂಬುದನ್ನು ಎರಡೂ ಕಡೆ ಒಪ್ಪುತ್ತವೆ. ಮಿತಿಯನ್ನು 300ಕ್ಕೆ ಏರಿಸಿದರೆ ಅವರು ಕಾಯಂ ಆಗುತ್ತಾರೆ ಎಂಬ ಭರವಸೆಗೆ ಮಾತ್ರ ಸಂಹಿತೆಯೊಳಗೆ ಯಾವ ಕಟ್ಟುಪಾಡೂ ಇಲ್ಲ.

ಕರ್ನಾಟಕ ತಡೆಯಬಹುದೇ?

ಕಾರ್ಮಿಕ ಸಂಘ, ಕೈಗಾರಿಕಾ ವಿವಾದ, ಕಾರ್ಮಿಕ ಕಲ್ಯಾಣ ಮೂರೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು. ಆದರೆ ಅದು ಕೇಂದ್ರದ ಕಾನೂನಿಗೆ ವಿರುದ್ಧವಾಗಿದ್ದರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ರಾಷ್ಟ್ರಪತಿಗಳು ನಡೆಯುವುದು ಕೇಂದ್ರ ಸಂಪುಟದ ಸಲಹೆಯಂತೆ. ಕೇಂದ್ರವೇ ತಂದ ಸಂಹಿತೆಯನ್ನು ಬದಲಿಸುವ ಮಸೂದೆಗೆ ಅಂಕಿತ ಸಿಗುವ ಸಾಧ್ಯತೆ ಎಷ್ಟು ಎಂದು ಓದುಗರೇ ಊಹಿಸಬಹುದು. 2014ರಲ್ಲಿ ರಾಜಸ್ಥಾನ ಮಿತಿಯನ್ನು 100ರಿಂದ 300ಕ್ಕೆ ಏರಿಸಿದಾಗ ಅಂಕಿತ ಸಿಕ್ಕಿತ್ತು. ಸಂಹಿತೆಯ 300ಕ್ಕೆ ಮೇಲ್ಪಂಕ್ತಿ ಅದೇ.

300ರ ಮಿತಿಯನ್ನು ಇನ್ನೂ ಏರಿಸಬೇಕೆಂದರೆ ರಾಜ್ಯಕ್ಕೆ ಒಂದು ಅಧಿಸೂಚನೆ ಸಾಕು, ಶಾಸನಸಭೆಯ ಮುಂದೆ ಹೋಗುವುದೂ ಬೇಡ. ಇಳಿಸಬೇಕೆಂದರೆ ಮಸೂದೆ, ಮತದಾನ, ದೆಹಲಿಯ ಅಂಕಿತ ಎಲ್ಲವೂ ಬೇಕು. ಹತ್ತಲು ಇಳಿಜಾರು, ಇಳಿಯಲು ಕಡಿದಾದ ಬೆಟ್ಟ ಎನ್ನುವ ಹಾಗಿದೆ ಈ ಏರ್ಪಾಡು.

ಹಾಗೆಂದು ರಾಜ್ಯದ ಕೈ ಪೂರ್ತಿ ಕಟ್ಟಿಲ್ಲ. ನಿಯಮ ಮಾಡುವ ಅಧಿಕಾರ ಅದಕ್ಕಿದೆ. ಅಲ್ಲಿಯವರೆಗೆ ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ನಡೆಯುತ್ತವೆ. ಬಹುಮತದ ಸಂಘ ಯಾವುದೆಂದು ತೀರ್ಮಾನಿಸುವ ವಿಧಾನ ಇಂಥದ್ದೊಂದು ನಿಯಮ. ಗುಪ್ತ ಮತದಾನ ಇಟ್ಟರೆ ಕಾರ್ಮಿಕ ನಿರ್ಭಯವಾಗಿ ಹೇಳುತ್ತಾನೆ. ಆಡಳಿತ ಮಂಡಳಿ ಕೊಟ್ಟ ಪಟ್ಟಿಯನ್ನು ನೆಚ್ಚಿದರೆ ಮಾಲೀಕರ ಮೆಚ್ಚಿನ ಸಂಘವೇ ಗೆಲ್ಲಬಹುದು. ನ್ಯಾಯಮಂಡಳಿಯನ್ನು ಎಲ್ಲಿ, ಎಷ್ಟು ಸ್ಥಾಪಿಸಬೇಕು ಎಂಬುದೂ ರಾಜ್ಯದ ಕೈಯಲ್ಲಿದೆ. ಹೊಸ ನ್ಯಾಯಮಂಡಳಿಯಲ್ಲಿ ಒಬ್ಬ ನ್ಯಾಯಾಂಗ ಸದಸ್ಯ, ಒಬ್ಬ ಆಡಳಿತ ಸದಸ್ಯ. ವಜಾ ಪ್ರಕರಣವನ್ನು ಇಬ್ಬರೂ ಕೂತೇ ಕೇಳಬೇಕು. ಆ ಆಡಳಿತ ಸದಸ್ಯನನ್ನು ನೇಮಿಸದೆ ಬಿಟ್ಟರೆ ವಜಾಗೊಂಡವರ ಕೇಸುಗಳೇ ನಿಲ್ಲಬಹುದು. ಎಲ್ಲವನ್ನೂ ಬೆಂಗಳೂರಿಗೆ ಎಳೆದರೆ ವಾಡಿಯ ಕಾರ್ಮಿಕ ಒಂದು ವಾಯಿದೆಗೆ ಎರಡು ರಾತ್ರಿ ರೈಲಿನಲ್ಲಿ ಕಳೆಯಬೇಕು. ಪ್ರತಿಭಟನೆಯ ಭಾಷಣಕ್ಕಿಂತ ಈ ನಿಯಮಗಳ ಕರಡಿನ ಮೇಲೆ ಶಾಸಕರು ಎಷ್ಟು ಹೊತ್ತು ಕೂರುತ್ತಾರೆ ಎಂಬುದು ಮುಖ್ಯ.

ಮುಂದಿನ ಕಾರ್ಮಿಕ ಶಾಸಕ ಎಲ್ಲಿಂದ?

2023ರಲ್ಲಿ ಆಯ್ಕೆಯಾದ 224 ಶಾಸಕರಲ್ಲಿ ಎಡಪಕ್ಷಗಳವರು ಒಬ್ಬರೂ ಇಲ್ಲ. ರೈತ ಸಂಘದ ಹಿನ್ನೆಲೆಯ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಮೇಲುಕೋಟೆಯಲ್ಲಿ ಒಂದು ಸ್ಥಾನವಿದೆ. ಕಾರ್ಮಿಕ ಸಂಘಟನೆಗೆ ಅದೂ ಇಲ್ಲ. ಮೇಲ್ಮನೆಯ 75 ಸ್ಥಾನಗಳಲ್ಲಿ ಪದವೀಧರರಿಗೆ ಏಳು, ಶಿಕ್ಷಕರಿಗೆ ಏಳು ಮೀಸಲು. ಕಾರ್ಮಿಕರಿಗೆ ಸೊನ್ನೆ. 1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತೀಯ ಶಾಸನಸಭೆಗಳಲ್ಲಿ 38 ಸ್ಥಾನಗಳನ್ನು ಕಾರ್ಮಿಕರಿಗೇ ಇಟ್ಟಿತ್ತು. ಬ್ರಿಟಿಷರ ಕಾಲದಲ್ಲಿದ್ದ ಆ ಏರ್ಪಾಡು ಗಣರಾಜ್ಯದಲ್ಲಿ ಮುಂದುವರಿಯಲಿಲ್ಲ.

ಓಟಿನ ನಕ್ಷೆಯೂ ಬದಲಾಗಿದೆ. ಗಣಿ ಅಥವಾ ಮಿಲ್ ಇದ್ದಲ್ಲಿ ಕಾರ್ಮಿಕರು ಒಂದೇ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ವಾಸವಿದ್ದು ಅಲ್ಲೇ ಓಟು ಹಾಕುತ್ತಿದ್ದರು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಎಂಎಸ್‌ಕೆ ಮಿಲ್ ರಾಷ್ಟ್ರೀಯ ಜವಳಿ ನಿಗಮದ ಕೈಸೇರಿ ಕೊನೆಗೆ ನಿಂತುಹೋಯಿತು. ಇಂದು ಪೀಣ್ಯ, ಬೊಮ್ಮಸಂದ್ರದಲ್ಲಿ ದುಡಿಯುವ ಎಷ್ಟೋ ಜನರ ಹೆಸರು ರಾಯಚೂರು, ಯಾದಗಿರಿ, ಒಡಿಶಾ, ಬಿಹಾರದ ಮತದಾರರ ಪಟ್ಟಿಯಲ್ಲಿದೆ. ದುಡಿಯುವ ಜಾಗದಲ್ಲಿ ಓಟಿಲ್ಲದವರಿಂದ ಅಲ್ಲಿನ ಶಾಸಕ ಹುಟ್ಟುವುದಿಲ್ಲ.

ಹೊಸ ದಾರಿಯೊಂದು ಕಾಣುವುದು ಗಿಗ್ ಕಾರ್ಮಿಕರ ಕಡೆ. ಊಟ, ದಿನಸಿ ತಲುಪಿಸುವವರು, ಆ್ಯಪ್‌ ಟ್ಯಾಕ್ಸಿ ಓಡಿಸುವವರು ಕೈಗಾರಿಕಾ ಸಂಬಂಧಗಳ ಸಂಹಿತೆಯ ಲೆಕ್ಕದಲ್ಲಿ ಕಾರ್ಮಿಕರೇ ಅಲ್ಲ. 2025ರಲ್ಲಿ ಕರ್ನಾಟಕ ಮೊದಲು ಸುಗ್ರೀವಾಜ್ಞೆಯಾಗಿ, ಆಗಸ್ಟ್‌ನಲ್ಲಿ ಮಸೂದೆಯಾಗಿ ತಂದ ಕಾನೂನು ಇವರಿಗಾಗಿ ಮಂಡಳಿ ರಚಿಸುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ಅವಕಾಶವಿದೆ. ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸು ಕೊಡಬೇಕು. ಇಲ್ಲಿ ಸರ್ಕಾರ ಮತ್ತೆ ನಡುವೆ ಬಂದು ಕೂತಿದೆ: ಶುಲ್ಕ ಎಷ್ಟೆಂದು ಅದೇ ಹೇಳಬೇಕು, ಮಂಡಳಿಗೆ ಕಾರ್ಮಿಕರ ಪ್ರತಿನಿಧಿಗಳನ್ನು ಅದೇ ನೇಮಿಸಬೇಕು. ಸರ್ಕಾರ ಕೂತಲ್ಲಿಗೆ ರಾಜಕೀಯ ಹಿಂಬಾಲಿಸಿ ಬರುತ್ತದೆ ಎಂಬುದನ್ನು ಹಳೆಯ 10ನೇ ಸೆಕ್ಷನ್ ತೋರಿಸಿತ್ತು. ಮಂಡಳಿಯ ಸಭೆಗೆ ಹೋಗಿ ಲೆಕ್ಕ ಕೇಳುವ ಡೆಲಿವರಿ ಹುಡುಗನೋ, ಅವನ ಪರ ಅರ್ಜಿ ಬರೆಯುವ ಕಿರಿಯ ವಕೀಲೆಯೋ ಈಗ ನಿಂತಿರುವ ಜಾಗ 1969ರ ಗುಲ್ಬರ್ಗದಿಂದ ಬಹಳ ದೂರದಲ್ಲಿಲ್ಲ. ಅವರ ಹೆಸರು ದುಡಿಯುವ ಊರಿನ ಮತದಾರರ ಪಟ್ಟಿಯಲ್ಲಿದೆಯೇ ಎಂಬುದನ್ನು ಮಾತ್ರ ಮೊದಲು ನೋಡಬೇಕು. ಇಲ್ಲದಿದ್ದರೆ ಚುನಾವಣಾ ಆಯೋಗದ ನಮೂನೆ 8 ತುಂಬಿ ವಾಸದ ವಿಳಾಸ ಬದಲಿಸಿಕೊಳ್ಳಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನಗಳವರೆಗೆ ಕಾಯದೆ ಈಗಲೇ ಮಾಡಿದರೆ ಒಳ್ಳೆಯದು.